ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟುವವರೆಗೆ: ಜಿಂಕೆ ಬೇಟೆಯ ಹಗುರ ಸ್ಯಾಡಲ್ ಬೆಳೆದುಬಂದ ಬಗೆ

ಅಮೆರಿಕದ ಮಿಶಿಗನ್, ವಿಸ್ಕಾನ್ಸಿನ್, ಒಹಾಯೊ ಕಾಡುಗಳಲ್ಲಿ ಎಲೆ ಬಣ್ಣ ತಿರುಗುವ ಹೊತ್ತಿಗೆ ಬಿಲ್ಲುಬೇಟೆಯ ಋತು ಶುರುವಾಗುತ್ತದೆ. ಬಿಳಿಬಾಲದ ಜಿಂಕೆಗಾಗಿ ಮರವೇರಿ ಕಾಯುವವರು ಒಂದು ಕಾಲಕ್ಕೆ ಹತ್ತು ಕಿಲೋ ತೂಗುವ ಲೋಹದ ಆಸನವನ್ನು ಬೆನ್ನಿಗೆ ಕಟ್ಟಿಕೊಂಡು ನಸುಕಿನ ಕತ್ತಲಲ್ಲಿ ನಡೆಯುತ್ತಿದ್ದರು. ಈಗ ಅವರಲ್ಲಿ ಹಲವರು ಸೊಂಟದಿಂದ ತೊಡೆಯವರೆಗೆ ಬರುವ ಬಟ್ಟೆಯ ಜೋಲಿಯೊಂದನ್ನು ತೊಟ್ಟು, ಪುಟ್ಟ ಮೆಟ್ಟುಹಲಗೆಯ ಮೇಲೆ ಪಾದ ಊರಿ, ಮರಕ್ಕೆ ಮುಖಮಾಡಿ ಹಗ್ಗದಲ್ಲಿ ಒರಗಿರುತ್ತಾರೆ. ಈ ಜೋಲಿಯೇ ಟ್ರೀ ಸ್ಯಾಡಲ್.

ಸ್ಯಾಡಲ್‌ನ ಇತಿಹಾಸವನ್ನು ತೂಕ ಇಳಿದ ಇತಿಹಾಸವಾಗಿ ಬರೆಯುವುದು ರೂಢಿ. ಕಿಲೋಗಳು ಗ್ರಾಮುಗಳಾದದ್ದು ನಿಜ. ಆದರೆ ಈ ಕ್ಷೇತ್ರದ ದೊಡ್ಡ ಗಳಿಕೆ ಬೇರೆಡೆ ಇದೆ ಎಂದು ನಾನು ನಂಬುತ್ತೇನೆ. ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೆ ಮನುಷ್ಯ ಮರಕ್ಕೆ ಕಟ್ಟಿಕೊಂಡೇ ಇರುವುದನ್ನು ಅದು ಸಹಜ ಅಭ್ಯಾಸವಾಗಿಸಿತು. ಸಾಧನಗಳ ಆಯ್ಕೆಯನ್ನೂ ಇದೇ ಅಳತೆಗೋಲಿನಿಂದ ಮಾಡಬೇಕು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಅಮೆರಿಕದಲ್ಲಿ ಅದು ಪರವಾನಗಿ, ಋತು ಮತ್ತು ಸಂಖ್ಯೆಯ ಮಿತಿಗಳಿಗೆ ಒಳಪಟ್ಟ ಚಟುವಟಿಕೆ. ಈ ಲೇಖನದಲ್ಲಿ ಬೇಟೆಯೆಂದರೆ ಅಲ್ಲಿನ ಬೇಟೆ.

ಮರ ಏರಬೇಕಾದ ಕಾರಣ

ಮಾರುಕಟ್ಟೆಗಾಗಿ ಎಗ್ಗಿಲ್ಲದೆ ನಡೆದ ಬೇಟೆಯಿಂದ 1900ರ ಹೊತ್ತಿಗೆ ಅಮೆರಿಕದ ಬಿಳಿಬಾಲದ ಜಿಂಕೆಗಳು ಕೆಲವೇ ಲಕ್ಷಕ್ಕೆ ಇಳಿದಿದ್ದವು. ಅದೇ ವರ್ಷ ಬಂದ ಲೇಸಿ ಕಾಯ್ದೆ ಕಾನೂನುಬಾಹಿರವಾಗಿ ಕೊಂದ ಪ್ರಾಣಿಗಳ ಅಂತರರಾಜ್ಯ ಸಾಗಣೆಗೆ ತಡೆ ಹಾಕಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದೂಕು, ಮದ್ದುಗುಂಡುಗಳ ತೆರಿಗೆಯನ್ನು ವನ್ಯಜೀವಿಗಳ ಪುನಶ್ಚೇತನಕ್ಕೆ ಮೀಸಲಿಟ್ಟಿತು. 1972ರಲ್ಲಿ ಬಿಲ್ಲು-ಬಾಣದ ಸಾಮಗ್ರಿಯೂ ಆ ತೆರಿಗೆಯ ವ್ಯಾಪ್ತಿಗೆ ಬಂತು. ಇಂದು ಆ ಜಿಂಕೆಗಳ ಸಂಖ್ಯೆ ಸುಮಾರು 3 ಕೋಟಿ ಎಂದು ಅಂದಾಜು.

ಬಿಲ್ಲುಬೇಟೆಗೆಂದೇ ಪ್ರತ್ಯೇಕ ಜಿಂಕೆ ಋತುವನ್ನು ವಿಸ್ಕಾನ್ಸಿನ್ 1934ರಲ್ಲಿ ತೆರೆಯಿತು. 1969ರಲ್ಲಿ ಹಾಲೆಸ್ ವಿಲ್ಬರ್ ಆಲೆನ್ ಅವರ ಕಾಂಪೌಂಡ್ ಬಿಲ್ಲಿಗೆ ಪೇಟೆಂಟ್ ಸಿಕ್ಕ ಮೇಲೆ ಬಿಲ್ಲುಗಾರರು ಬಹಳ ಹೆಚ್ಚಿದರು. ತುದಿಯ ರಾಟೆಗಳಿಂದಾಗಿ ಪೂರ್ತಿ ಸೆಳೆದ ಮೇಲೆ ಈ ಬಿಲ್ಲಿನ ಭಾರ ಇಳಿಯುತ್ತದೆ. ಎಳೆದು ಹಿಡಿದು ಕಾಯಬಹುದು.

ಆದರೂ ಬಾಣದ ನೆಚ್ಚಿನ ದೂರ ಇಪ್ಪತ್ತು, ಮೂವತ್ತು ಮೀಟರ್ ಅಷ್ಟೆ. ಅಷ್ಟು ಹತ್ತಿರ ಬಂದ ಜಿಂಕೆಗೆ ನೆಲದಲ್ಲಿ ಕೂತವನ ವಾಸನೆ ಸಿಗುತ್ತದೆ, ತೋಳಿನ ಅಲುಗಾಟ ಕಾಣುತ್ತದೆ. ಐದಾರು ಮೀಟರ್ ಮೇಲೇರಿದರೆ ಅದರ ಕಣ್ಣಿನ ನೇರದಿಂದ ತಪ್ಪಿಸಿಕೊಳ್ಳಬಹುದು, ವಾಸನೆಯೂ ಹಲವು ಬಾರಿ ತಲೆಯ ಮೇಲಿಂದ ತೇಲಿಹೋಗುತ್ತದೆ. ಮರ ಅನಿವಾರ್ಯವಾದದ್ದು ಹೀಗೆ.

ಹಲಗೆ, ಟ್ರೀಸ್ಟ್ಯಾಂಡ್ ಮತ್ತು ಬೀಳುವಿಕೆ

ಮೊದಮೊದಲು ಕವಲುಗಳ ನಡುವೆ ಹಲಗೆ ಹೊಡೆದು ಕೂರುತ್ತಿದ್ದರು. ಮಳೆಗೆ ಹಲಗೆ ಕೊಳೆಯುತ್ತಿತ್ತು, ಮೊಳೆ ಸಡಿಲುತ್ತಿತ್ತು. ಆಮೇಲೆ ಹೊತ್ತೊಯ್ಯಬಹುದಾದ ಲೋಹದ ಟ್ರೀಸ್ಟ್ಯಾಂಡ್‌ಗಳು ಬಂದವು. ಪಟ್ಟಿಯಿಂದ ಮರಕ್ಕೆ ನೇತುಹಾಕುವುದು ಒಂದು ಬಗೆ. ಎರಡು ಭಾಗಗಳನ್ನು ಸರದಿಯಂತೆ ಮೇಲೆ ಸರಿಸುತ್ತ ಹುಳದ ಹಾಗೆ ಮರವೇರುವ ಕ್ಲೈಂಬರ್ ಇನ್ನೊಂದು. ಕ್ಲೈಂಬರ್‌ಗೆ ಕಂಬದಂತೆ ನೇರವಾದ, ಕೊಂಬೆಯಿಲ್ಲದ ಮರವೇ ಬೇಕು. ಜಿಂಕೆ ನಡೆಯುವ ದಾರಿಯಲ್ಲಿ ಅಂಥ ಮರ ಇರಲೇಬೇಕೆಂದಿಲ್ಲ.

ತೂಕಕ್ಕಿಂತ ದೊಡ್ಡ ಸಮಸ್ಯೆ ಬೀಳುವುದು. ಜಾರ್ಜಿಯಾ ರಾಜ್ಯದಲ್ಲಿ 1979ರಿಂದ 1989ರವರೆಗೆ ಜಿಂಕೆ ಬೇಟೆಗಾರರಿಗಾದ ಗಾಯಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಪರಿಶೀಲಿಸಿದಾಗ ಮೂರನೇ ಒಂದಕ್ಕಿಂತ ಹೆಚ್ಚು ಗಾಯಗಳು ಟ್ರೀಸ್ಟ್ಯಾಂಡ್‌ಗೆ ಸಂಬಂಧಿಸಿದ್ದವು. ಆಗಿನ ರಕ್ಷಣೆಯೆಂದರೆ ಸೊಂಟಕ್ಕೆ ಒಂದು ಪಟ್ಟಿ. ಬಿದ್ದವನ ಪಕ್ಕೆಲುಬನ್ನು ಅದೇ ಹಿಂಡುತ್ತಿತ್ತು. ಇಡೀ ಮೈಗೆ ತೊಡುವ ಹಾರ್ನೆಸ್ ರೂಢಿಗೆ ಬಂದ ಮೇಲೆ ಸ್ಥಿತಿ ಸುಧಾರಿಸಿತು. ಆದರೂ ಹಾರ್ನೆಸ್ಸನ್ನು ಮೇಲೆ ತಲುಪಿದ ಬಳಿಕವೇ ಮರಕ್ಕೆ ಕೊಂಡಿ ಹಾಕುವವರು ಬಹಳ. ಜನ ಹೆಚ್ಚಾಗಿ ಬೀಳುವುದೋ ಹತ್ತುವಾಗ, ಇಳಿಯುವಾಗ, ಏಣಿಯಿಂದ ಆಸನಕ್ಕೆ ಕಾಲಿಡುವಾಗ. ಅತಿ ಅಪಾಯದ ಹೊತ್ತಿನಲ್ಲೇ ಕಟ್ಟು ಇರುತ್ತಿರಲಿಲ್ಲ.

ಸ್ಲಿಂಗ್ ತಂದ ಹೊಸ ಯೋಚನೆ

ಮಿಶಿಗನ್‌ನ ಬಿಲ್ಲುಬೇಟೆಗಾರ, ಲೇಖಕ ಜಾನ್ ಎಬರ್‌ಹಾರ್ಟ್ 1980ರ ದಶಕದ ಆರಂಭದಿಂದಲೇ ಆಂಡರ್ಸನ್ ಟ್ರೀ ಸ್ಲಿಂಗ್ ಎಂಬ ಜೋಲಿಯನ್ನು ಬಳಸುತ್ತ ಬಂದವರು. ಬೇಟೆಗಾರರ ದಟ್ಟಣೆಯಿಂದ ಎಚ್ಚೆತ್ತ ಜಿಂಕೆಗಳ ಕುರಿತು ಮಗ ಕ್ರಿಸ್ ಜೊತೆ ಬರೆದ ಅವರ ಪುಸ್ತಕ ಈ ಪದ್ಧತಿಗೆ ಓದುಗರನ್ನು ದೊರಕಿಸಿತು. ಇದರ ಬೇರು ಬೇಟೆಗಿಂತ ಹಳೆಯ ಕಸುಬುಗಳಲ್ಲಿದೆ. ದೊಡ್ಡ ಮರಗಳ ಕೊಂಬೆ ಸವರುವವರು, ವಿದ್ಯುತ್ ಕಂಬವೇರುವ ಲೈನ್‌ಮನ್‌ಗಳು, ಬಂಡೆ ಹತ್ತುವವರು ಬಹಳ ಹಿಂದಿನಿಂದ ಹಗ್ಗದಲ್ಲಿ ತೂಗಿ ದುಡಿದವರು.

ಸ್ಯಾಡಲ್ ಕೆಲಸ ಮಾಡುವ ಬಗೆ ಸರಳ. ಸೊಂಟದ ಎರಡೂ ಬದಿಯ ಕುಣಿಕೆಗಳನ್ನು ಜೋಡಿಸುವ ಗಟ್ಟಿ ಹಗ್ಗಕ್ಕೆ ಬ್ರಿಡ್ಜ್ ಎನ್ನುತ್ತಾರೆ. ಮರವನ್ನು ಬಳಸಿ ಕಟ್ಟಿದ ಹಗ್ಗ ಟೆದರ್. ಇವೆರಡನ್ನೂ ಕ್ಯಾರಬಿನರ್ ಕೊಂಡಿ ಬೆಸೆಯುತ್ತದೆ. ಮೈಭಾರ ಸದಾ ಟೆದರ್ ಮೇಲಿರುವುದರಿಂದ ಬೀಳುವುದಕ್ಕೆ ಜಾಗವೇ ಉಳಿಯುವುದಿಲ್ಲ. ಟ್ರೀಸ್ಟ್ಯಾಂಡ್‌ನಲ್ಲಿ ಹಾರ್ನೆಸ್ ಬಿದ್ದವನನ್ನು ಹಿಡಿಯಲು ಕಾದಿರುತ್ತದೆ. ಸ್ಯಾಡಲ್‌ನಲ್ಲಿ ಆಸನವೂ ರಕ್ಷಣೆಯೂ ಒಂದೇ.

ಬೇಟೆಗೂ ಇದರಿಂದ ಅನುಕೂಲ. ಎದುರಿನ ಪೊದೆಯಿಂದ ಜಿಂಕೆ ಹೊರಬಂದಿತೆನ್ನಿ. ಬೇಟೆಗಾರ ಮರದ ಈಚೆಗಿದ್ದಾನೆ. ಕಾಂಡವೇ ಅವನ ಮರೆ. ಜಿಂಕೆ ಬಲಕ್ಕೆ ಸರಿದರೆ ಅವನು ಪಾದ ಎತ್ತಿಡುತ್ತ ಕಾಂಡದ ಸುತ್ತ ಎಡಕ್ಕೆ ಜಾರುತ್ತಾನೆ. ಅದು ತಲೆ ಬಗ್ಗಿಸಿ ಮೇಯತೊಡಗಿದಾಗಷ್ಟೇ ಹೊರಬಾಗಿ ಬಿಲ್ಲು ಸೆಳೆಯುತ್ತಾನೆ. ಬಲಗೈಯವರಿಗೆ ಎಡಬದಿಯ ಗುರಿ ಸಲೀಸು. ಬಲಬದಿಗೆ ಸೊಂಟ ತಿರುಗಿಸಿ, ಒಂದು ಕಾಲನ್ನು ಮರಕ್ಕೆ ಒತ್ತಿ ಮೈ ಹೊರಳಿಸಬೇಕು. ಇದು ನೆಲದ ಹತ್ತಿರ ಅಭ್ಯಾಸ ಮಾಡಿಯೇ ಕಲಿಯಬೇಕಾದ ಚಲನೆ.

ಮನೆಯ ಹೊಲಿಗೆಯಿಂದ ಮಾರುಕಟ್ಟೆಗೆ

2000ರ ದಶಕದಲ್ಲಿ ಟ್ರೋಫಿಲೈನ್ ಕಂಪನಿಯ ಸ್ಯಾಡಲ್ ಒಂದಷ್ಟು ಹೆಸರು ಮಾಡಿ ಆಮೇಲೆ ಮಾರುಕಟ್ಟೆಯಿಂದ ಮರೆಯಾಯಿತು. ಆ ಬಿಡುವಿನಲ್ಲಿ ಬಳಕೆದಾರರೇ ಸಂಶೋಧಕರಾದರು. ಬಂಡೆ ಹತ್ತುವ ಹಾರ್ನೆಸ್‌ಗೆ ಬಟ್ಟೆಯ ಆಸನ ಸೇರಿಸಿದರು, ಮನೆಯ ಹೊಲಿಗೆ ಯಂತ್ರದಲ್ಲಿ ನೈಲಾನ್ ಪಟ್ಟಿ ಹೊಲಿದರು, ಲೋಹದ ಏಣಿಕೋಲುಗಳನ್ನು ಕತ್ತರಿಸಿ ಗಿಡ್ಡ ಮಾಡಿದರು. ಹೊಲಿಗೆಯ ಬಲವನ್ನು ಪರೀಕ್ಷಿಸುವ ವ್ಯವಸ್ಥೆ ಮನೆಯಲ್ಲಿ ಇರುವುದಿಲ್ಲವಾದ್ದರಿಂದ ಇದನ್ನು ಅನುಕರಿಸಿ ಎಂದು ಯಾರಿಗೂ ಹೇಳಲಾರೆ. ಆದರೆ ಇಂದಿನ ವಿನ್ಯಾಸಗಳ ಹಲವು ಮೂಲಗುಣಗಳು ರೂಪುಗೊಂಡದ್ದು ಈ ಕೈಕೆಲಸದಲ್ಲೇ. ಮರವೇರಿ ಕೊಂಬೆ ಸವರುವವರಿಗೆ ಸ್ಯಾಡಲ್ ಮಾಡುತ್ತಿದ್ದ ನ್ಯೂ ಟ್ರೈಬ್ ಕಂಪನಿ ಬೇಟೆಗಾರರಿಗಾಗಿ ಏರೋ ಹಂಟರ್ ಮಾದರಿಗಳನ್ನು ತಂದಿತು.

2018ರಲ್ಲಿ ಟೆದರ್ಡ್ ಕಂಪನಿ ಆರಂಭವಾದಾಗಿನಿಂದ ವೇಗ ಹೆಚ್ಚಿತು. ಅದರ ಮ್ಯಾಂಟಿಸ್ ಸ್ಯಾಡಲ್ ಮತ್ತು ಪ್ರಿಡೇಟರ್ ಮೆಟ್ಟುಹಲಗೆ ಜೊತೆಯಾಗಿ ಬಳಸಬಹುದಾದ ಹಗುರ ಸಾಧನಗಳಾಗಿ ಜನಪ್ರಿಯವಾದವು. ಟ್ರೋಫಿಲೈನ್ ಹೊಸ ಒಡೆತನದಲ್ಲಿ ಮರಳಿತು. ಲ್ಯಾಟಿಟ್ಯೂಡ್, ಕ್ರೂಸರ್ ಮುಂತಾದವು ಸೇರಿಕೊಂಡವು. ಒಂದೇ ತುಂಡಿನ ಜೋಲಿಯ ಪಕ್ಕದಲ್ಲಿ ಎರಡು ಪಟ್ಟಿಗಳಾಗಿ ಬಿಡಿಸಿಕೊಳ್ಳುವ ಜೋಲಿಯೂ ಬಂತು. ಅದರಲ್ಲಿ ಒಂದು ಪಟ್ಟಿ ತೊಡೆಯ ಕೆಳಗೆ, ಇನ್ನೊಂದು ಬೆನ್ನಿಗೆ.

ಏರುವ ಬಗೆಗಳು

ಕ್ಲೈಂಬಿಂಗ್ ಸ್ಟಿಕ್ ಎಂಬ ಮೆಟ್ಟಿಲುಕೋಲುಗಳನ್ನು ಮೂರೋ ನಾಲ್ಕೋ ಒಂದರ ಮೇಲೊಂದು ಕಟ್ಟಿ ಏರುವುದು ಹೆಚ್ಚು ಬಳಕೆಯಲ್ಲಿರುವ ಕ್ರಮ. ಕೋಲಿನ ಬುಡಕ್ಕೆ ಏಡರ್ ಎಂಬ ಪಟ್ಟಿಯ ಮೆಟ್ಟಿಲು ಇಳಿಬಿಟ್ಟರೆ ಕೋಲುಗಳ ನಡುವಿನ ಅಂತರ ಹೆಚ್ಚಿಸಿ ಒಂದು ಕೋಲು ಉಳಿಸಬಹುದು. ಏರುವಷ್ಟು ಹೊತ್ತೂ ಲೈನ್‌ಮನ್ ಹಗ್ಗ ಸೊಂಟದಿಂದ ಮರವನ್ನು ಬಳಸಿರುತ್ತದೆ. ಅಡ್ಡ ಬಂದ ಕೊಂಬೆ ದಾಟುವಾಗ ಟೆದರನ್ನು ಕೊಂಬೆಯ ಮೇಲೆ ಕಟ್ಟಿ, ಭಾರ ಹಾಕಿ ನೋಡಿ, ಆಮೇಲೆಯೇ ಲೈನ್‌ಮನ್ ಹಗ್ಗ ಬಿಚ್ಚಬೇಕು. ಯಾವ ಕ್ಷಣದಲ್ಲೂ ಎರಡೂ ಬಿಚ್ಚಿರಬಾರದು.

ಒಂದೇ ಕೋಲಿನಲ್ಲಿ ಏರುವ ಕ್ರಮವೂ ಹಬ್ಬಿದೆ. ಕೋಲಿನ ಮೇಲೆ ನಿಂತು, ಟೆದರ್ ಮೇಲೆ ಸರಿಸಿ, ಅದರಲ್ಲಿ ತೂಗಿ, ಕೋಲನ್ನು ಬಿಚ್ಚಿ ಮೇಲಕ್ಕೆ ಕಟ್ಟುವುದು. ಇಳಿಯುವಾಗ ಉದ್ದ ಹಗ್ಗದಲ್ಲಿ ಜಾರಿ ಬರುತ್ತಾರೆ. ಹೊರುವ ಸಾಮಾನು ಕಡಿಮೆ, ಬೇಕಾದ ಕೌಶಲ ಹೆಚ್ಚು. ಇಳಿಯುವ ಸಾಧನದ ಜೊತೆಗೆ ತಾನಾಗಿ ಬಿಗಿಯುವ ಇನ್ನೊಂದು ಗಂಟು ಇರಬೇಕು, ಹಗ್ಗದ ತುದಿಗೂ ಗಂಟು ಬೇಕು.

ಸಾರ್ವಜನಿಕ ಭೂಮಿಯ ನಿಯಮಗಳು ಜಾಗದಿಂದ ಜಾಗಕ್ಕೆ ಬೇರೆ. ತಿರುಪು ಮೆಟ್ಟಿಲು ತಿರುಗಿಸಿ ಮರಕ್ಕೆ ಗಾಯ ಮಾಡುವುದನ್ನು, ಸಾಮಾನನ್ನು ರಾತ್ರಿ ಅಲ್ಲೇ ಬಿಡುವುದನ್ನು ಹಲವೆಡೆ ನಿಷೇಧಿಸಲಾಗಿದೆ. ಪ್ರತಿದಿನ ಎಲ್ಲವನ್ನೂ ಹೊತ್ತು ತರಬೇಕಾದ ಈ ಬೇಟೆಗಾರರೇ ಹಗುರ ಸಾಧನಗಳಿಗೆ ಬೇಡಿಕೆ ಹುಟ್ಟಿಸಿದವರು.

ಹಗ್ಗ ಮತ್ತು ಗಂಟು

ಟೆದರ್ ಮೇಲಿನ ಮುಖ್ಯ ಗಂಟಿಗೆ ಆಸ್ಟ್ರಿಯದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ ಅವರ ಹೆಸರಿದೆ. ಅವರು ಅದನ್ನು 1931ರಲ್ಲಿ ಪರಿಚಯಿಸಿದರು. ಸಣ್ಣ ಹಗ್ಗದ ಕುಣಿಕೆಯನ್ನು ದಪ್ಪ ಹಗ್ಗಕ್ಕೆ ಎರಡು ಮೂರು ಸುತ್ತು ಸುತ್ತಿ ತನ್ನೊಳಗಿಂದಲೇ ತೂರಿಸಿದರೆ ಗಂಟು ಸಿದ್ಧ. ಭಾರ ಬಿದ್ದಾಗ ಕಚ್ಚಿ ಹಿಡಿಯುತ್ತದೆ, ಭಾರ ತೆಗೆದಾಗ ಬೆರಳಲ್ಲಿ ಸರಿಯುತ್ತದೆ. ಅದು ಹಿಡಿಯುವುದು ಘರ್ಷಣೆಯ ಬಲದಿಂದ. ಕುಣಿಕೆಯ ಹಗ್ಗ ತೀರಾ ದಪ್ಪವಾದರೆ ಕಚ್ಚುವುದಿಲ್ಲ, ತೀರಾ ಸಣ್ಣದಾದರೆ ಬಿಗಿದು ಕೂತು ಸರಿಯುವುದಿಲ್ಲ. ಗಂಟಿನ ಬದಲು ಹಗ್ಗ ಕಚ್ಚುವ ಹಲ್ಲಿನ ಲೋಹದ ಸಾಧನ ಬಳಸುವವರೂ ಅದು ಯಾವ ದಪ್ಪದ ಹಗ್ಗಕ್ಕೆ ಮಾಡಿದ್ದೆಂದು ನೋಡಲೇಬೇಕು.

ಹಗುರವಾಗಿಸುವ ಹುರುಪು ಇಲ್ಲಿ ವಿವೇಕ ಬೇಡುತ್ತದೆ. ಡೈನೀಮಾ ನೂಲು ತೂಕಕ್ಕೆ ಹೋಲಿಸಿದರೆ ಅಸಾಧಾರಣ ಬಲದ್ದು. ಆದರೆ ಅದು ನುಣುಪು, ಸಾಮಾನ್ಯ ಗಂಟು ಅದರಲ್ಲಿ ಜಾರುತ್ತದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಆದ್ದರಿಂದ ಅದನ್ನು ಹೆಣೆದು ಬ್ರಿಡ್ಜ್ ಮಾಡುತ್ತಾರೆ. ತಿಕ್ಕಾಟದ ಬಿಸಿ ತಾಳಬೇಕಾದ ಗಂಟಿನ ಹಗ್ಗಕ್ಕೆ ಅರಾಮಿಡ್ ಹೊದಿಕೆಯೇ ಲೇಸು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಟೆದರ್ ಹೆಚ್ಚು ಹಿಗ್ಗದ ಹಗ್ಗ. ಅದು ಸಡಿಲವಿದ್ದಾಗ ಅರ್ಧ ಮೀಟರ್ ಬಿದ್ದರೂ ಏಟು ಮೈಗೂ ಕೊಂಡಿಗೂ ಒಮ್ಮೆಲೇ ತಗಲುತ್ತದೆ. ಸ್ಯಾಡಲ್ ಬೀಳುವವನನ್ನು ಹಿಡಿಯಲೆಂದು ಮಾಡಿದ್ದಲ್ಲ, ಬೀಳದಂತೆ ಇರಿಸಲೆಂದು ಮಾಡಿದ್ದು. ಟೆದರಿನ ಕಟ್ಟಿಗಿಂತ ಮೇಲೆ ಸೊಂಟ ಹೋಗಬಾರದು, ಹಗ್ಗದಲ್ಲಿ ಸಡಿಲು ಉಳಿಯಬಾರದು.

ಆಯ್ಕೆಯ ಅನುಕ್ರಮ

ಮೊದಲು ಮೈಗೆ ಹೊಂದುವ ಸ್ಯಾಡಲ್. ಅರ್ಧ ಕಿಲೋದ ತೆಳು ಜೋಲಿ ಅಂಗಡಿಯಲ್ಲಿ ಆಕರ್ಷಕ. ನಾಲ್ಕು ಗಂಟೆ ತೂಗಿದಾಗ ಸೊಂಟ ಹಿಂಡುತ್ತದೆ. ನೋವಾದವನು ಮಿಸುಕುತ್ತಾನೆ, ಬೇಗ ಇಳಿಯುತ್ತಾನೆ. ಒಂದು ಕಿಲೋದ ಆರಾಮದ ಜೋಲಿ ಹೆಚ್ಚು ಬೆಲೆಬಾಳುತ್ತದೆ. ಸೊಂಟದ ನೋವಿಗೆ ಹಲವು ಬಾರಿ ಟೆದರಿನ ಎತ್ತರವೇ ಕಾರಣ. ತಲೆಯ ಮಟ್ಟದಿಂದ ಆರಂಭಿಸಿ, ಕೂರುವವರು ತುಸು ಮೇಲೆ, ಒರಗುವವರು ತುಸು ಕೆಳಗೆ ಸರಿಸಿ ನೋಡಬೇಕು.

ಎರಡನೆಯದು ಹಗ್ಗ ಮತ್ತು ಕೊಂಡಿ. ಬಲದ ಅಂಕಿ ಅಚ್ಚಾಗಿರುವ ಕ್ಯಾರಬಿನರ್‌ಗಳನ್ನೇ ಕೊಳ್ಳಬೇಕು. 22 ಕಿಲೋನ್ಯೂಟನ್ ಎಂದರೆ ಸುಮಾರು 2,200 ಕಿಲೋ ಭಾರಕ್ಕೆ ಸಮ. ಮೂರನೆಯದು ಮೆಟ್ಟುಹಲಗೆ. ಕಾಲು ದಣಿಯದಷ್ಟು ಅಗಲವಿದ್ದು, ಪಕ್ಕಕ್ಕೆ ತುಳಿದರೂ ಜಾರದಂತೆ ಮರವನ್ನು ಕಚ್ಚಬೇಕು. ಏರುವ ಕ್ರಮ ನಾಲ್ಕನೆಯದು. ಅದನ್ನು ತಾವು ಹೋಗುವ ಕಾಡಿನ ಮರ ನೋಡಿ ತೀರ್ಮಾನಿಸಬೇಕು. ಇಷ್ಟಾದ ಮೇಲೆ ಕಾರ್ಬನ್ ಫೈಬರ್, ಟೈಟಾನಿಯಂ ಎಂದು ಗ್ರಾಮು ಇಳಿಸುವ ಲೆಕ್ಕಕ್ಕೆ ಇಳಿಯಬಹುದು. ಈ ಕ್ರಮದಲ್ಲಿ ಕೊಂಡರೂ ಸಾಮಾನಿನ ಒಟ್ಟು ತೂಕ ಆರೇಳು ಕಿಲೋ ದಾಟದು.

ಮುಂದಿನ ದಾರಿ

ಈ ಬೆಳವಣಿಗೆ ಬೇಟೆಯಿಲ್ಲದ ನಮ್ಮ ನಾಡಿಗೂ ಸಂಬಂಧಿಸಿದ್ದು. ಮಲೆನಾಡಿನಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಳ್ಳುವುದು ಇನ್ನೂ ನಿಂತಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಮರವೇರುವವರಿಗೆ ತರಬೇತಿ ಕೊಡುತ್ತಿದೆ, ವಿಮೆಯ ಯೋಜನೆಯೂ ಇದೆ. ಸಪೂರ ಅಡಿಕೆ ಮರಕ್ಕೆ ಅಮೆರಿಕದ ಸ್ಯಾಡಲ್ ಹಾಗೆಯೇ ಒಗ್ಗದು. ಮರದಿಂದ ಮರಕ್ಕೆ ದಾಟುವ ಕೆಲಸಗಾರರ ವೇಗಕ್ಕೆ ತಕ್ಕ ಸಾಧನವನ್ನು ಇಲ್ಲಿಯೇ ರೂಪಿಸಬೇಕು. ಹಗುರವಿದ್ದರೆ ಮಾತ್ರ ಜನ ತೊಡುತ್ತಾರೆ, ತೊಟ್ಟರೆ ಮಾತ್ರ ಉಳಿಯುತ್ತಾರೆ ಎಂಬ ಪಾಠ ಮಾತ್ರ ಎರಡೂ ಕಡೆಗೆ ಒಂದೇ.

ಸ್ಯಾಡಲ್ ತಯಾರಕರು ಇನ್ನು ಮುಂದೆ ಪೈಪೋಟಿ ನಡೆಸಬೇಕಾದದ್ದು ತಪ್ಪು ಮಾಡಲು ಎಡೆಗೊಡದ ಕೊಂಡಿ, ಸವೆತವನ್ನು ತಾನೇ ತೋರಿಸುವ ಹಗ್ಗ, ಕೊಳ್ಳುವವನಿಗೆ ಕಡ್ಡಾಯ ತರಬೇತಿ ಇವುಗಳಲ್ಲಿ. ಹೊಸಬರು ಮೊದಲ ದಿನಗಳನ್ನು ಮೊಣಕಾಲೆತ್ತರದ ಮೆಟ್ಟುಹಲಗೆಯ ಮೇಲೆ, ಹಗಲು ಬೆಳಕಿನಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು ಕಳೆಯಲಿ. ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳುಗಳಿಂದಲೂ ತಪ್ಪಿಲ್ಲದೆ ಕಟ್ಟಿ ಬಿಚ್ಚಲು ಬರುವಷ್ಟು ಸಾಮಾನೇ ಒಬ್ಬರಿಗೆ ತಕ್ಕ ಸಾಮಾನು. ಅದಕ್ಕಿಂತ ಹಗುರವಾದದ್ದು ಅವರಿಗೆ ಇನ್ನೂ ಬೇಡ.