ಹೂಗಳ ಕಣಿವೆ

1931ರ ಜೂನ್ ತಿಂಗಳಲ್ಲಿ ಫ್ರಾಂಕ್ ಸ್ಮೈತನೂ ಅವನ ಸಂಗಡಿಗರೂ ಗಢವಾಲದ ಕಾಮೆಟ್ ಶಿಖರವನ್ನೇರಿದರು. ಹಿಂದಿರುಗುವಾಗ ಮಳೆಯಲ್ಲಿ ಭ್ಯೂಂಡಾರ್ ಕಣಿವೆಗೆ ಇಳಿದರೆ, ಕಾಲಿಡಲು ಎಡೆಯಿಲ್ಲದಂತೆ ಹೂ! ಆತ ಈ ಕಣಿವೆಯನ್ನು ಕಂಡುಹಿಡಿದನೆಂದು ಬರೆಯುವ ವಾಡಿಕೆಯುಂಟು. ಆ ಮಾತು ಸಲ್ಲದು. ಕುರಿಗಾಹಿಗಳು ಅದಕ್ಕೆ ಮೊದಲೇ ಅಲ್ಲಿ ಮಂದೆ ಮೇಯಿಸುತ್ತಿದ್ದರು. ಹೊರಲೋಕಕ್ಕೆ ತಿಳಿಸಿದನೆಂದರೆ ಸರಿ. 1937ರಲ್ಲಿ ಪುನಃ ಬಂದು ಬೀಜಗಳನ್ನು ಸಂಗ್ರಹಿಸಿದನು; ಮರುವರ್ಷ ಅವನ ಗ್ರಂಥ ಹೊರಬಂದಿತು.

ಅದರ ಮರುವರ್ಷವೇ, 1939ರಲ್ಲಿ, ಜೋನ್ ಮಾರ್ಗರೆಟ್ ಲೆಗ್ ಎಂಬ ಆಂಗ್ಲ ಮಹಿಳೆ ಸಸ್ಯಸಂಗ್ರಹಕ್ಕೆಂದು ಅಲ್ಲಿಗೆ ಹೋದಳು. ಹೂ ಆಯುತ್ತಿದ್ದಾಗ ಕಾಲು ಜಾರಿ ಬಿದ್ದು ಮಡಿದಳು. ಸೋದರಿ ನಿಲ್ಲಿಸಿದ ಸ್ಮಾರಕಶಿಲೆ ಇಂದಿಗೂ ಕಣಿವೆಯಲ್ಲಿದೆ.

1982ರಿಂದ ಅದು ರಾಷ್ಟ್ರೀಯ ಉದ್ಯಾನ, ಹೂ ಕೀಳುವಂತಿಲ್ಲ. ಚಾರಣಿಗನಿಗೆ ಉಳಿದಿರುವುದು ಛಾಯಾಚಿತ್ರವೊಂದೇ. ಆದರೆ ಎಸಳಿನ ಚೆಲುವನ್ನಷ್ಟೇ ಸೆರೆಹಿಡಿದರೆ ಸಸ್ಯದ ನಿರ್ಣಯವಾಗದು. ಅಲ್ಲಿಯ ನೀಲಿ ಗಸಗಸೆಯನ್ನೇ ನೋಡಿರಿ. ಅದರ ನೀಲಿ ಗಿಡದಿಂದ ಗಿಡಕ್ಕೆ ಬೇರೆ. ಕಾಂಡದ ಮೇಲೂ ಎಲೆಯ ಮೇಲೂ ಇರುವ ಮುಳ್ಳು ಒಳ್ಳೆಯ ಗುರುತು. ಲ್ಯಾಟಿನ್ ಹೆಸರಿನ ‘ಅಕ್ಯುಲಿಯೇಟ’ ಎಂಬುದಕ್ಕೂ ಮುಳ್ಳುಳ್ಳದ್ದೆಂದೇ ಅರ್ಥ. ಆದುದರಿಂದ ಬುಡ, ಎಲೆ, ಕಾಂಡ, ಮೊಗ್ಗುಗಳ ಚಿತ್ರವೂ ಬೇಕು.

ಹೆಸರನ್ನು ನಂಬಿದರೂ ಮೋಸವೇ. ನಮ್ಮ ಮನೆಯಂಗಳದಲ್ಲಿ ರಾತ್ರಿ ಅರಳುವ ಬ್ರಹ್ಮಕಮಲ ಅಮೆರಿಕದಿಂದ ಬಂದ ಕಳ್ಳಿಯ ಜಾತಿ. ಹಿಮಾಲಯದ್ದು ಸೂರ್ಯಕಾಂತಿಯ ಬಳಗದ್ದು: ಎಸಳೆಂದು ತೋರುವ ಆ ತೆಳುಹಳದಿಯ ಹೊದಿಕೆ ಎಲೆಯ ರೂಪಾಂತರ, ನಿಜವಾದ ಹೂಗಳು ಒಳಗೆ ಕಿರಿದಾಗಿ, ನೇರಳೆಯಾಗಿ ಅಡಗಿವೆ. ಎರಡರಲ್ಲಿ ಯಾವುದೂ ಕಮಲವಲ್ಲ.