ನಾಲ್ಕನೆಯ ಕುಂಡ



ಈ ಬಾರಿ ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. 1994ರ ಮಳೆಗಾಲ. ನಾನಾಗ ಹೊಸಪೇಟೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. ಗಿಡದ ಬೆಳವಣಿಗೆಯ ಮೇಲೆ ಗೊಬ್ಬರ ಮತ್ತು ನೀರಿನ ಪರಿಣಾಮವೇನೆಂಬುದನ್ನು ಮನೆಯಲ್ಲಿಯೇ ಪ್ರಯೋಗ ಮಾಡಿ, ರೆಕಾರ್ಡ್ ಪುಸ್ತಕದಲ್ಲಿ ಬರೆದು ತರುವಂತೆ ಒಂಬತ್ತನೆಯ ತರಗತಿಗೆ ಹೇಳಿದ್ದೆ. ಎಲ್ಲರೂ ಅವರೆ ಬೀಜ ಹಾಕಿ ಮೂರು ಕುಂಡ ಇಟ್ಟಿದ್ದರು. ಮೊದಲನೆಯದು ಸಾಧಾರಣ ಕುಂಡ. ಎರಡನೆಯದಕ್ಕೆ ಗೊಬ್ಬರ ಮಾತ್ರ ಹೆಚ್ಚು. ಮೂರನೆಯದಕ್ಕೆ ನೀರು ಮಾತ್ರ ಹೆಚ್ಚು. ಒಬ್ಬ ಹುಡುಗ ನಾಲ್ಕನೆಯದೊಂದು ಕುಂಡ ಇಟ್ಟು, ಅದಕ್ಕೆ ಗೊಬ್ಬರವನ್ನೂ ನೀರನ್ನೂ ಒಟ್ಟಿಗೇ ಹೆಚ್ಚಿಸಿದ್ದ. ನಾನು ಕೆಂಪು ಶಾಯಿಯಲ್ಲಿ ಆ ಕುಂಡದ ಚಿತ್ರದ ಮೇಲೆ ಗೆರೆ ಎಳೆದು, ಹತ್ತಕ್ಕೆ ಎಂಟು ಅಂಕ ಕೊಟ್ಟೆ. "ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಗಿಡ ಯಾವುದರಿಂದ ಬೆಳೆಯಿತೆಂದು ಹೇಗೋ ಹೇಳ್ತೀಯ?" ಎಂದು ತರಗತಿಯ ಎದುರಿಗೇ ಕೇಳಿದೆ. "ಸಾರ್, ಆದ್ರೆ ಎಲ್ಲಕ್ಕಿಂತ ಜಾಸ್ತಿ ಬೆಳೆದದ್ದು ಅದೇ" ಎಂದ. "ಕೂತ್ಕೋ" ಎಂದೆ. ಅವನು ಕುಳಿತ.

ಒಮ್ಮೆಗೆ ಒಂದೇ ಅಂಶವನ್ನು ಬದಲಾಯಿಸಬೇಕು, ಉಳಿದವೆಲ್ಲವೂ ಸ್ಥಿರವಾಗಿರಬೇಕು ಎಂಬುದನ್ನು ನಾನು ಮೂವತ್ತೈದು ವರ್ಷ ಬೋಧಿಸಿದೆ. ನನಗೂ ಬಿ.ಇಡಿ. ತರಗತಿಯಲ್ಲಿ ಹಾಗೆಯೇ ಹೇಳಿಕೊಟ್ಟಿದ್ದರು. ಅದು ತಪ್ಪಲ್ಲ. ಆದರೆ ಅದನ್ನೇ ವಿಜ್ಞಾನದ ಕೊನೆಯ ಮಾತೆಂದು ಬೋಧಿಸಿದ್ದು ತಪ್ಪು. ಏಕೆಂದರೆ ಆ ನಿಯಮವನ್ನು ಇಂಗ್ಲೆಂಡಿನ ಒಂದು ಹೊಲದಲ್ಲಿ 1926ರಷ್ಟು ಹಿಂದೆಯೇ ಪ್ರಶ್ನಿಸಿಯಾಗಿತ್ತು.

ಲಂಡನ್ನಿನ ಉತ್ತರಕ್ಕೆ ಹಾರ್ಪೆಂಡೆನ್ ಎಂಬ ಊರಿನಲ್ಲಿ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವಿದೆ. ಕೃತಕ ಗೊಬ್ಬರದ ಉದ್ಯಮಿ ಜಾನ್ ಬೆನೆಟ್ ಲಾಸ್ ಎಂಬಾತನು 1843ರಲ್ಲಿ ರಸಾಯನಶಾಸ್ತ್ರಜ್ಞ ಗಿಲ್ಬರ್ಟನೊಡನೆ ಸೇರಿ ಅಲ್ಲಿ ಗೊಬ್ಬರದ ಪ್ರಯೋಗಗಳನ್ನು ಆರಂಭಿಸಿದನು. ಎಪ್ಪತ್ತೈದು ವರ್ಷಗಳಲ್ಲಿ ಇಳುವರಿಯ ಅಂಕಿಗಳು ಕಡತಗಟ್ಟಲೆ ಶೇಖರವಾದವು. ಅವನ್ನು ಅರ್ಥಮಾಡಿಕೊಳ್ಳಲೆಂದು 1919ರಲ್ಲಿ ರೊನಾಲ್ಡ್ ಫಿಶರ್ ಎಂಬ ತರುಣ ಗಣಿತಜ್ಞನನ್ನು ನೇಮಿಸಿಕೊಂಡರು. ಹಾಲು ಮೊದಲು ಹಾಕಿದ ಚಹಾ ಯಾವುದು, ಆಮೇಲೆ ಹಾಕಿದ್ದು ಯಾವುದು ಎಂದು ರುಚಿಯಿಂದಲೇ ಹೇಳಬಲ್ಲೆನೆಂದ ಮಹಿಳೆಯ ಕಥೆಯನ್ನು ನಿಮಗೆ ತರಗತಿಯಲ್ಲಿ ಹೇಳಿದ್ದೆನಲ್ಲ, ಅದು ನಡೆದದ್ದು ಇಲ್ಲಿಯೇ.

ಹಳೆಯ ಕಡತಗಳನ್ನು ಎಷ್ಟು ಹಿಂಡಿದರೂ ರಸ ಬರುವುದು ಅಷ್ಟಕ್ಕಷ್ಟೇ, ಪ್ರಯೋಗ ಮಾಡುವ ಮೊದಲೇ ಅದರ ವಿನ್ಯಾಸವನ್ನು ಯೋಚಿಸಬೇಕು ಎಂಬುದು ಫಿಶರನಿಗೆ ಮನವರಿಕೆಯಾಯಿತು. ಪ್ರಕೃತಿಯನ್ನು ಒಮ್ಮೆಗೆ ಒಂದೇ ಪ್ರಶ್ನೆ ಕೇಳಬೇಕೆಂಬ ನಂಬಿಕೆಯೇ ತಪ್ಪೆಂದು ಆತ 1926ರ ತನ್ನ ಲೇಖನದಲ್ಲಿ ನೇರವಾಗಿ ವಾದಿಸಿದನು. ಸರಿಯಾಗಿ ಜೋಡಿಸಿದ ಹಲವು ಪ್ರಶ್ನೆಗಳನ್ನು ಒಟ್ಟಿಗೆ ಮುಂದಿಟ್ಟರೆ ಆಕೆ ಇನ್ನೂ ಚೆನ್ನಾಗಿ ಉತ್ತರಿಸುತ್ತಾಳೆ ಎಂಬುದು ಅವನ ವಾದದ ತಾತ್ಪರ್ಯ. ಇದನ್ನೇ ವಿಸ್ತರಿಸಿ 1935ರಲ್ಲಿ ಪ್ರಯೋಗ ವಿನ್ಯಾಸದ ಮೇಲೆ ಒಂದು ಗ್ರಂಥವನ್ನೇ ಬರೆದನು.

ಹೇಗೆ ಉತ್ತರಿಸುತ್ತಾಳೆ? ಕುಂಡಗಳಿಗೇ ಮರಳೋಣ. ಮೂರು ಕುಂಡದ ಪ್ರಯೋಗದಲ್ಲಿ ಗೊಬ್ಬರದ ಪರಿಣಾಮವನ್ನು ತಿಳಿಯಲು ಒಂದಕ್ಕೊಂದು ಹೋಲಿಸಬಹುದಾದವು ಎರಡೇ ಕುಂಡ. ನೀರಿನ ಕುಂಡವು ಆ ಪ್ರಶ್ನೆಗೆ ಸಂಬಂಧವೇ ಇಲ್ಲದಂತೆ ಸುಮ್ಮನೆ ನಿಂತಿರುತ್ತದೆ. ನಾಲ್ಕು ಕುಂಡವಿದ್ದರೆ ಗೊಬ್ಬರ ಹೆಚ್ಚಿರುವವು ಎರಡು, ಕಡಿಮೆಯಿರುವವು ಎರಡು. ಅವೇ ನಾಲ್ಕನ್ನು ಇನ್ನೊಂದು ಬಗೆಯಲ್ಲಿ ವಿಂಗಡಿಸಿದರೆ ನೀರು ಹೆಚ್ಚಿರುವವು ಎರಡು, ಕಡಿಮೆಯಿರುವವು ಎರಡು. ಪ್ರತಿಯೊಂದು ಕುಂಡವೂ ಎರಡೂ ಪ್ರಶ್ನೆಗಳಿಗೆ ಸಾಕ್ಷಿ ನುಡಿಯುತ್ತದೆ. ಹಳೆಯ ಕ್ರಮದಲ್ಲಿ ಅಷ್ಟೇ ಭರವಸೆ ಬೇಕಾದರೆ ಮೂರೂ ಕುಂಡಗಳನ್ನು ಇಮ್ಮಡಿಗೊಳಿಸಿ ಆರು ಇಡಬೇಕು.

ಇಷ್ಟು ಉಳಿತಾಯದ ಮಾತಾಯಿತು. ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಲೆಕ್ಕಕ್ಕೆಂದು, ಸಾಧಾರಣ ಕುಂಡದ ಗಿಡ 18 ಸೆಂಟಿಮೀಟರ್, ಗೊಬ್ಬರದ್ದು 21, ನೀರಿನದ್ದು 20 ಎಂದಿಟ್ಟುಕೊಳ್ಳಿ. ಗೊಬ್ಬರದಿಂದ 3 ಹೆಚ್ಚಿತು, ನೀರಿನಿಂದ 2 ಹೆಚ್ಚಿತು. ಎರಡೂ ಸೇರಿದರೆ 23 ಆಗಬೇಕು. ಆದರೆ ನಾಲ್ಕನೆಯ ಕುಂಡದಲ್ಲಿ ಗಿಡ 34 ಸೆಂಟಿಮೀಟರ್ ಬೆಳೆದಿದ್ದರೆ? ಆ ಹೆಚ್ಚಿನ 11 ಸೆಂಟಿಮೀಟರ್ ಗೊಬ್ಬರದ್ದೂ ಅಲ್ಲ, ನೀರಿನದ್ದೂ ಅಲ್ಲ, ಅವೆರಡೂ ಕೂಡಿದ್ದರ ಫಲ. ಇದನ್ನು ಪರಸ್ಪರ ಪ್ರಭಾವ ಎನ್ನುತ್ತಾರೆ. ನೀರಿಲ್ಲದೆ ಗೊಬ್ಬರ ಹಾಕಿದರೆ ಪ್ರಯೋಜನವಿಲ್ಲವೆಂದು ನಮ್ಮ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಮೂರು ಕುಂಡದ ಪ್ರಯೋಗ ಅದನ್ನು ಎಂದಿಗೂ ಹೇಳಲಾರದು. ನಾನು ಕೆಂಪು ಗೆರೆ ಎಳೆದದ್ದು ಆ ಸಂಗತಿಯನ್ನು ಹೇಳಬಲ್ಲ ಒಂದೇ ಒಂದು ಕುಂಡದ ಮೇಲೆ.

ಹೊಲದಲ್ಲಿ ಹುಟ್ಟಿದ ಈ ವಿಚಾರ ಕಾರ್ಖಾನೆಗೆ ಬಂದ ಕಥೆಯಲ್ಲಿ ಜಾರ್ಜ್ ಬಾಕ್ಸ್ ಎಂಬಾತನಿದ್ದಾನೆ. ಎರಡನೆಯ ಮಹಾಯುದ್ಧದಲ್ಲಿ ಈತ ಇಂಗ್ಲೆಂಡಿನ ಪೋರ್ಟನ್ ಡೌನ್ ಎಂಬಲ್ಲಿ ವಿಷಾನಿಲಗಳ ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದ ರಸಾಯನಶಾಸ್ತ್ರದ ಹುಡುಗ. ಫಲಿತಾಂಶಗಳು ಒಂದೊಂದು ಸಲ ಒಂದೊಂದು ಬಗೆ ಬರುತ್ತಿದ್ದುದನ್ನು ಕಂಡು, ಒಬ್ಬ ಸಂಖ್ಯಾಶಾಸ್ತ್ರಜ್ಞ ಬೇಕೆಂದು ಮೇಲಧಿಕಾರಿಯನ್ನು ಕೇಳಿದ. ಸಿಗುವುದಿಲ್ಲ, ನಿನಗೇನು ಗೊತ್ತಿದೆ ಎಂದು ಅವರು ವಿಚಾರಿಸಿದರು. ಫಿಶರನ ಪುಸ್ತಕ ಓದಲು ಹೋಗಿ ಅರ್ಥವಾಗಲಿಲ್ಲವೆಂದ. ಹಾಗಾದರೆ ಆ ಕೆಲಸ ನಿನ್ನದೇ ಎಂದರಂತೆ! (ಮುಂದೆ ಆತ ಫಿಶರನ ಮಗಳನ್ನೇ ಮದುವೆಯಾದ. ಅದು ಬೇರೆಯ ಕಥೆ.)

ಯುದ್ಧಾನಂತರ ಬಾಕ್ಸ್ ಐಸಿಐ ರಾಸಾಯನಿಕ ಕಂಪನಿ ಸೇರಿದ. ಅಲ್ಲಿಯ ಪ್ರಶ್ನೆ ತೀರಾ ವ್ಯಾವಹಾರಿಕ. ಎಷ್ಟು ಉಷ್ಣತೆಯಲ್ಲಿ, ಎಷ್ಟು ಹೊತ್ತು ಕುದಿಸಿದರೆ ಅತ್ಯಧಿಕ ಉತ್ಪನ್ನ ದೊರೆಯುತ್ತದೆ? ಎಂಜಿನಿಯರುಗಳು ಮೊದಲು ಹೊತ್ತನ್ನು ಸ್ಥಿರವಾಗಿಟ್ಟು ಉತ್ತಮ ಉಷ್ಣತೆ ಹುಡುಕುತ್ತಿದ್ದರು; ಆಮೇಲೆ ಆ ಉಷ್ಣತೆಯಲ್ಲಿ ಉತ್ತಮ ಹೊತ್ತು ಹುಡುಕುತ್ತಿದ್ದರು. ಮುಗಿಯಿತು, ಇದೇ ಶಿಖರ ಎನ್ನುತ್ತಿದ್ದರು. ನಮ್ಮ ಸಂಡೂರಿನ ಗುಡ್ಡವನ್ನು ಮಂಜು ಕವಿದ ಬೆಳಗಿನಲ್ಲಿ ಹತ್ತುವವನನ್ನು ನೆನೆಯಿರಿ. ಪೂರ್ವ ಪಶ್ಚಿಮವಾಗಿ ಮಾತ್ರ, ಇಲ್ಲವೇ ಉತ್ತರ ದಕ್ಷಿಣವಾಗಿ ಮಾತ್ರ ನಡೆಯುತ್ತೇನೆಂದು ಅವನ ಹಟ. ಬೆಟ್ಟದ ಏಣು ಈಶಾನ್ಯಕ್ಕೆ ಓರೆಯಾಗಿ ಏರುತ್ತಿದ್ದರೆ, ಅವನು ಏಣಿನ ನಡುವೆ ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತಾನೆ. ನಾಲ್ಕು ದಿಕ್ಕಿಗೂ ಹೆಜ್ಜೆ ಇಟ್ಟು ನೋಡುತ್ತಾನೆ, ಎಲ್ಲ ಕಡೆಯೂ ಇಳಿಜಾರೇ. ಶಿಖರ ಓರೆಯಲ್ಲಿ ಇನ್ನೂ ಬಹಳ ಮೇಲಿದೆ. ಉಷ್ಣತೆ ಹೆಚ್ಚಿದಂತೆ ಬೇಕಾಗುವ ಹೊತ್ತು ಬದಲಾಗುವ ರಾಸಾಯನಿಕ ಕ್ರಿಯೆಗಳಲ್ಲಿ ಹೀಗೆಯೇ ಆಗುತ್ತದೆ. ಬಾಕ್ಸ್ ಮತ್ತು ಅವನ ಸಹೋದ್ಯೋಗಿ ವಿಲ್ಸನ್ 1951ರಲ್ಲಿ ಇದಕ್ಕೆ ದಾರಿ ತೋರಿಸಿದರು. ನಿಂತಲ್ಲಿಯೇ ಸುತ್ತ ನಾಲ್ಕಾರು ಸಣ್ಣ ಪ್ರಯೋಗಗಳನ್ನು ಒಟ್ಟಿಗೆ ಮಾಡು. ಏರು ಯಾವ ಓರೆಗಿದೆಯೆಂದು ಲೆಕ್ಕ ಹಾಕು. ಆ ಓರೆಯಲ್ಲಿಯೇ ನಡೆ. ಮತ್ತೆ ಸುತ್ತ ನೋಡು. ಇಂದಿಗೂ ಔಷಧ, ಉಕ್ಕು, ಆಹಾರ ಸಂಸ್ಕರಣೆಯ ಸಂಶೋಧನೆಗಳಲ್ಲಿ ಈ ಕ್ರಮ ಬಳಕೆಯಲ್ಲಿದೆ.

ಆದರೆ ಅಂಶಗಳು ಎರಡಲ್ಲ, ಏಳು ಇದ್ದರೆ? ಒಂದೊಂದಕ್ಕೂ ಎರಡೇ ಮಟ್ಟವೆಂದರೂ 128 ಪ್ರಯೋಗಗಳಾಗುತ್ತವೆ. ಯಾವ ಕಾರ್ಖಾನೆಯ ಮಾಲೀಕ ಒಪ್ಪಿಯಾನು? ಇಲ್ಲಿಗೆ ನಮ್ಮ ಸೀಮೆಯ ಮಾತು ಬರುತ್ತದೆ.

ನಾನು 1988ರಿಂದ ನಾಲ್ಕು ವರ್ಷ ಹೂವಿನ ಹಡಗಲಿ ತಾಲ್ಲೂಕಿನಲ್ಲಿ ಕೆಲಸ ಮಾಡಿದೆ. ಅಲ್ಲಿಯ ಮಲ್ಲಿಗೆಯ ಬಗ್ಗೆ ನಿಮಗೆ ಎಷ್ಟು ಬಾರಿ ಹೇಳಿಲ್ಲ! ಆದರೆ ಜಗತ್ತಿನ ಮಹಾ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರು ಆ ಊರಿನಲ್ಲಿ ಹುಟ್ಟಿದವರೆಂದು ನನಗೆ ಗೊತ್ತಾದದ್ದು 2023ರ ಆಗಸ್ಟಿನಲ್ಲಿ, ಅವರ ನಿಧನದ ವಾರ್ತೆಯನ್ನು ಪತ್ರಿಕೆಯಲ್ಲಿ ಓದಿದಾಗ. ನಾಲ್ಕು ವರ್ಷ ಅಲ್ಲಿಯ ಮಕ್ಕಳಿಗೆ ವಿಜ್ಞಾನ ಹೇಳಿದ ನಾನು ಈ ಹೆಸರನ್ನು ಒಮ್ಮೆಯೂ ಹೇಳಲಿಲ್ಲ. ಈ ಲೇಖನದ ಓದೆಲ್ಲವೂ ಆರಂಭವಾದದ್ದು ಆ ನಾಚಿಕೆಯಿಂದ.

ಕಲ್ಯಂಪೂಡಿ ರಾಧಾಕೃಷ್ಣ ರಾವ್ ಅವರು ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು. ಹಡಗಲಿ ಆಗ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಮನೆಮಾತು ತೆಲುಗು. ತಂದೆ ಪೊಲೀಸ್ ಇಲಾಖೆಯವರಾದುದರಿಂದ ಊರೂರು ತಿರುಗಾಟ. ಎಂಟನೆಯ ಮಗುವಾದುದರಿಂದ ಕೃಷ್ಣನ ಹೆಸರಿಟ್ಟರು. ಓದು ಹೆಚ್ಚಾಗಿ ಆಂಧ್ರದಲ್ಲಿ ನಡೆಯಿತು. ಆದುದರಿಂದ ಅವರನ್ನು ನಮ್ಮವರೆಂದು ಹೊತ್ತು ಮೆರೆಸುವ ಹಕ್ಕು ನಮಗೆ ಹೆಚ್ಚೇನಿಲ್ಲ. ತೊಟ್ಟಿಲು ತೂಗಿದ ಊರು, ಅಷ್ಟೆ. ಯುದ್ಧಕಾಲದಲ್ಲಿ ಸೇನೆಯ ಸರ್ವೇ ವಿಭಾಗದ ಕೆಲಸಕ್ಕೆಂದು ಕಲ್ಕತ್ತೆಗೆ ಹೋದರು. ಆ ಕೆಲಸ ಸಿಗಲಿಲ್ಲ. ಅಲ್ಲಿ ಉಳಿದುಕೊಂಡಿದ್ದ ಹೋಟೆಲಿನಲ್ಲಿ ಭೇಟಿಯಾದ ಒಬ್ಬರಿಂದ ಮಹಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಚಾರ ತಿಳಿದು, 1941ರ ಜನವರಿ 1ರಂದು ತರಬೇತಿಗೆ ಸೇರಿದರು.

ಕಡಿಮೆ ಪ್ರಯೋಗಗಳಲ್ಲಿ ಹೆಚ್ಚು ಅಂಶಗಳನ್ನು ಪರೀಕ್ಷಿಸುವ ದಾರಿಯನ್ನು ಆ ಹೊತ್ತಿಗೆ ಹಲವರು ಹುಡುಕುತ್ತಿದ್ದರು. ಇಂಗ್ಲೆಂಡಿನಲ್ಲಿ 1945ರಲ್ಲಿ ಫಿನ್ನಿ, 1946ರಲ್ಲಿ ಪ್ಲಾಕೆಟ್ ಮತ್ತು ಬರ್ಮನ್ ಒಂದೊಂದು ಬಗೆಯ ಉತ್ತರ ಕೊಟ್ಟರು. 1947ರಲ್ಲಿ ರಾವ್ ಅವರು ಇಂಥ ಕೋಷ್ಟಕಗಳಿಗೆಲ್ಲ ಒಂದು ಸಾಮಾನ್ಯ ಗಣಿತವನ್ನು ಕಟ್ಟಿಕೊಟ್ಟರು. ಅವಕ್ಕೆ ಆರ್ಥಾಗನಲ್ ಅರೇ ಎಂದು ಹೆಸರು.

ಹೆದರಬೇಡಿ, ಮತ್ತೆ ಕುಂಡಗಳೇ. ಗೊಬ್ಬರ ಮತ್ತು ನೀರಿನ ಜೊತೆಗೆ ಮಣ್ಣನ್ನೂ ಸೇರಿಸೋಣ: ಎರೆಮಣ್ಣು ಅಥವಾ ಕೆಂಪು ಮಸಾರಿ. ಎಲ್ಲ ಜೋಡಣೆಗೂ ಎಂಟು ಕುಂಡ ಬೇಕು. ಇರುವುದು ನಾಲ್ಕೇ. ಹೀಗೆ ಮಾಡಿ: ಗೊಬ್ಬರ ಕಡಿಮೆ, ನೀರು ಕಡಿಮೆ, ಎರೆಮಣ್ಣು, ಗೊಬ್ಬರ ಕಡಿಮೆ, ನೀರು ಹೆಚ್ಚು, ಮಸಾರಿ, ಗೊಬ್ಬರ ಹೆಚ್ಚು, ನೀರು ಕಡಿಮೆ, ಮಸಾರಿ, ಗೊಬ್ಬರ ಹೆಚ್ಚು, ನೀರು ಹೆಚ್ಚು, ಎರೆಮಣ್ಣು. ಯಾವ ಎರಡು ಅಂಶಗಳನ್ನು ತೆಗೆದುಕೊಂಡರೂ ಅವುಗಳ ನಾಲ್ಕೂ ಜೋಡಣೆಗಳು ಒಂದೊಂದು ಬಾರಿ ಬಂದಿವೆ. ಪೆನ್ಸಿಲ್ ಹಿಡಿದು ಪರೀಕ್ಷಿಸಿ ನೋಡಿ. ಈ ಸಮತೋಲವೇ ಆ ಕೋಷ್ಟಕದ ಗುಟ್ಟು. ಇದೇ ಕ್ರಮದಲ್ಲಿ ಏಳು ಅಂಶಗಳನ್ನು 128ರ ಬದಲು ಎಂಟೇ ಪ್ರಯೋಗಗಳಲ್ಲಿ ಪರೀಕ್ಷಿಸಬಹುದು.

ಜಪಾನಿನ ಇನಾ ಎಂಬ ಹೆಂಚುಬಿಲ್ಲೆಗಳ ಕಂಪನಿಯಲ್ಲಿ 1953ರಲ್ಲಿ ನಡೆದದ್ದು ಇಂಥದೇ ಪ್ರಯೋಗ. ಅವರ ಸುಡುವ ಗೂಡಿನಲ್ಲಿ ಶಾಖ ಎಲ್ಲ ಕಡೆಗೂ ಸಮನಾಗಿ ತಾಗುತ್ತಿರಲಿಲ್ಲ. ರಾಶಿಯ ಹೊರಬದಿಯ ಬಿಲ್ಲೆಗಳು ಒಂದು ಅಳತೆ, ಒಳಗಿನವು ಇನ್ನೊಂದು. ಗೂಡನ್ನೇ ಬದಲಿಸಬೇಕೆಂದರೆ ಅಪಾರ ಖರ್ಚು. ಅದರ ಬದಲು ಜೇಡಿಮಣ್ಣಿನ ಮಿಶ್ರಣದ ಏಳು ಅಂಶಗಳನ್ನು ಎಂಟು ಪ್ರಯೋಗಗಳಲ್ಲಿ ಬದಲಿಸಿ ನೋಡಿದರು. ಸುಣ್ಣದ ಅಂಶವನ್ನು ಶೇಕಡಾ 1ರಿಂದ 5ಕ್ಕೆ ಏರಿಸಿದರೆ, ಗೂಡಿನ ಶಾಖ ಹೆಚ್ಚುಕಡಿಮೆಯಾದರೂ ಬಿಲ್ಲೆಯ ಅಳತೆ ಅಷ್ಟಾಗಿ ಕೆಡುವುದಿಲ್ಲವೆಂದು ತಿಳಿಯಿತು. ಗೂಡು ಹಾಗೆಯೇ ಉಳಿಯಿತು. ಸುಣ್ಣವೇನು, ಅಗ್ಗದ ವಸ್ತು! ಈ ಕ್ರಮವನ್ನು ಪ್ರಚಾರಕ್ಕೆ ತಂದ ಗೆನಿಚಿ ಟಾಗುಚಿ ಮರುವರ್ಷವೇ ಕಲ್ಕತ್ತೆಯ ಅದೇ ಸಂಸ್ಥೆಗೆ ಅತಿಥಿಯಾಗಿ ಬಂದನು. ಜಪಾನಿನ ಕಾರ್ಖಾನೆಗಳಲ್ಲಿ ಹರಡಿದ ಅವನ ಪದ್ಧತಿ 1980ರ ದಶಕದಲ್ಲಿ ಅಮೆರಿಕವನ್ನೂ ತಲುಪಿತು.

ಅಲ್ಲಿ ಅದನ್ನು ತೀವ್ರವಾಗಿ ಟೀಕಿಸಿದವರಲ್ಲಿ ಬಾಕ್ಸ್ ಕೂಡ ಒಬ್ಬ. ಕಾರಣ ನಮ್ಮ ಕುಂಡಗಳಲ್ಲಿಯೇ ಕಾಣುತ್ತದೆ. ಮೇಲಿನ ನಾಲ್ಕು ಕುಂಡಗಳನ್ನು ಇನ್ನೊಮ್ಮೆ ನೋಡಿ. ಎರೆಮಣ್ಣು ಇರುವುದು ಗೊಬ್ಬರ ಮತ್ತು ನೀರು ಎರಡೂ ಕಡಿಮೆಯಿರುವಲ್ಲಿ ಅಥವಾ ಎರಡೂ ಹೆಚ್ಚಿರುವಲ್ಲಿ. ಆ ಕುಂಡಗಳ ಗಿಡ ಚೆನ್ನಾಗಿ ಬೆಳೆದರೆ ಅದು ಎರೆಮಣ್ಣಿನ ಗುಣವೋ, ಗೊಬ್ಬರ ನೀರು ಕೂಡಿದ್ದರ ಗುಣವೋ? ಈ ಕೋಷ್ಟಕ ಹೇಳಲಾರದು. ಎಂಟು ಕುಂಡವನ್ನು ನಾಲ್ಕಕ್ಕೆ ಇಳಿಸಿದ್ದಕ್ಕೆ ತೆತ್ತ ಬೆಲೆ ಇದು. ಪರಸ್ಪರ ಪ್ರಭಾವ ಅತ್ಯಲ್ಪವೆಂದು ಮೊದಲೇ ತಿಳಿದಿರುವಲ್ಲಿ ಈ ಮಿತವ್ಯಯ ಸರಿ. ತಿಳಿಯದಿರುವಲ್ಲಿ ಇನ್ನಷ್ಟು ಪ್ರಯೋಗ ಮಾಡಿ ಖಚಿತಪಡಿಸಿಕೊಳ್ಳಬೇಕು. ಕಾರ್ಖಾನೆಗಳಲ್ಲಿರುವ ನನ್ನ ವಿದ್ಯಾರ್ಥಿಗಳು ಈ ಕೋಷ್ಟಕಗಳನ್ನು ಈಗ ಕಂಪ್ಯೂಟರಿನ ಒಂದು ಗುಂಡಿ ಒತ್ತಿ ಪಡೆಯುತ್ತಾರೆ. ಯಾವುದು ಯಾವುದರೊಳಗೆ ಬೆರೆತಿದೆಯೆಂಬುದನ್ನೂ ಆಗ ನೋಡುತ್ತಾರೆಂದು ನನ್ನ ಆಶೆ.

ರಾವ್ ಅವರು 102 ವರ್ಷ ಬದುಕಿದರು. ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಅವರಿಗೆ ಬಂದದ್ದು ಅವರು ತೀರಿಕೊಂಡ ಆ 2023ರಲ್ಲಿಯೇ. ಕಳೆದ ಚಳಿಗಾಲದಲ್ಲಿ ಹಡಗಲಿಯ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. "ಹೌದೇನ್ರೀ ಮೇಷ್ಟ್ರೇ, ನಮ್ಮೂರಿನವರಾ?" ಎಂದು ಅವರೂ ಬೆರಗಾದರು.

ಇನ್ನು ಆ ಹುಡುಗ. ಅವನ ಹೆಸರು ನನಗೆ ಚೆನ್ನಾಗಿ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಹತ್ತನೆಯ ತರಗತಿಯ ನಂತರ ಅವರ ಮನೆಯವರು ಊರು ಬಿಟ್ಟರು. 1994ರ ಒಂಬತ್ತನೆಯ ತರಗತಿಯವರಲ್ಲಿ ಯಾರಿಗಾದರೂ, ಕಿಟಕಿಯ ಪಕ್ಕದ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ ಅವನ ಸಂಪರ್ಕವಿದ್ದರೆ ಈ ಬರಹವನ್ನು ದಯವಿಟ್ಟು ಅವನಿಗೆ ತಲುಪಿಸಿ. ಅವನ ರೆಕಾರ್ಡ್ ಪುಸ್ತಕಕ್ಕೆ ನಾನು ಇನ್ನೂ ಎರಡು ಅಂಕ ಕೊಡುವುದು ಬಾಕಿಯಿದೆ.