ನಮ್ಮ ಕಡೆಯ ಕಲ್ಲು – ಭಾಗ 4: ದೇವಿಯ ಪೀಠದಾಗ ಅಶೋಕ

ಸನ್ನತಿಗೆ ಹೋದಾಗ ಐದನೇ ಕ್ಲಾಸಿನ ನನ್ನ ತಮ್ಮ ಕೇಳಿದ: “ಅಣ್ಣಾ, ಅಶೋಕ ಪಾಟಲಿಪುತ್ರದ ರಾಜ ಅಲ್ಲೇನು? ಇಲ್ಲಿ ಅವಂದೇನದ?”

ನಮ್ಮೊಳಗ ಎಷ್ಟು ಮಂದಿ ಇದಕ್ಕ ಉತ್ತರ ಕೊಡ್ತೀವಿ? ಚಂದ್ರಲಾಂಬಾ ದೇವಿ ದರ್ಶನ ಮಾಡೀವಿ, ಭೀಮಾ ದಂಡಿ ಮ್ಯಾಲ ಫೋಟೋ ತೆಗೆಸಿಕೊಂಡೀವಿ. ಅಷ್ಟೇ.

1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಆಗ ನೋಡಿದರೆ, ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಎರಡೂ ಬದಿಗೆ ಬರಹ! ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನ. ಮೂರ್ತಿ ಕೂಡಿಸಲು ನಡುವೆ ಕೊರೆದ ಕಡೆ ಅಕ್ಷರಗಳು ಹೋಗಿಬಿಟ್ಟಿವೆ.

ಕೊರೆದವರನ್ನ ಬೈಬ್ಯಾಡ್ರಿ. ಓದಲು ಬಾರದವರಿಗೆ ಅದು ಬರೀ ಒಂದು ಛಲೋ ಕಲ್ಲು.

ಅದರಲ್ಲಿ 12 ಮತ್ತು 14ನೇ ಶಿಲಾಶಾಸನಗಳಿವೆ. ಜೊತೆಗೆ, ಅಲ್ಲಿಯವರೆಗೆ ಒಡಿಶಾದ ಧೌಲಿ, ಜೌಗಡದಲ್ಲಷ್ಟೇ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳೂ ಇವೆ. 12ನೆಯದರ ತಿರುಳು ಇಷ್ಟು: ನಿನ್ನ ಪಂಥವನ್ನು ಹೊಗಳಿಕೊಳ್ಳಲು ಇನ್ನೊಬ್ಬರದನ್ನು ಹೀಗಳೆಯಬೇಡ. ಬೌದ್ಧ ರಾಜನ ಈ ಮಾತು ಸಿಕ್ಕಿದ್ದು ದೇವಿಯ ಪಾದದ ಕೆಳಗೆ ನೋಡ್ರಿ.

ಅಲ್ಲಿಂದ ಸುಮಾರು 3 ಕಿ.ಮೀ. ಹೋದರೆ ಕನಗನಹಳ್ಳಿ. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಅಲ್ಲಿ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಶಾಸನಗಳಲ್ಲಿ ಅದರ ಹೆಸರು ‘ಅಧೋಲೋಕ ಮಹಾಚೈತ್ಯ’. ಅಲ್ಲಿ ರಾಣಿಯ ಜೊತೆ ನಿಂತ ರಾಜನ ಶಿಲ್ಪವೊಂದಿದೆ. ಮೇಲೆ ಬರೆದದ್ದು: ‘ರಾಯ ಅಸೋಕೋ’.

ಇದನ್ನೆಲ್ಲ ತಮ್ಮಗ ಹ್ಯಾಂಗ ಹೇಳಲಿ? ಮನಿ ನೆಲದಿಂದ ಶುರು ಮಾಡಿದೆ. ನಮ್ಮ ಶಹಾಬಾದಿ ಫರಸಿ ಸುಣ್ಣದಕಲ್ಲು, ಸ್ತೂಪಕ್ಕೆ ಹೊದಿಸಿದ್ದೂ ಸುಣ್ಣದಕಲ್ಲೇ. ಆಮೇಲೆ ಬ್ರಾಹ್ಮಿಯ ‘ಕ’ ಬರೆದೆ. ಅದು ಲೆಕ್ಕದ ಪ್ಲಸ್ ಗುರುತಿನ ಹಾಗೇ ಇರುತ್ತದೆ, ತುದಿಗೆ ಆಚೆ ಈಚೆ ಗೀಟು ಹಚ್ಚಿದರೆ ‘ಕೋ’. ಫೋನಿನಲ್ಲಿ ಶಿಲ್ಪದ ಫೋಟೋ ದೊಡ್ಡದು ಮಾಡಿ ಕೊಟ್ಟೆ. ಹುಡುಕಿ ಹುಡುಕಿ ಕೂಗಿದ: “ಅಣ್ಣಾ, ಪ್ಲಸ್ ಇಲ್ಲದ ನೋಡು! ಅಸೋಕೋ!”

ಇನ್ನು ಅವನಿಗೆ ಅದು ಬರೀ ಕಲ್ಲಲ್ಲ. ಅದರ ಮೇಲೆ ಯಾರಾದ್ರೂ ಹೆಸರು ಕೆತ್ತಲಿಕ್ಕೆ ಹೋದ್ರ ಅವನೇ ಜಗಳಕ್ಕ ನಿಲ್ತಾನ.

ಮುಂದಿನ ಸಲ ದರ್ಶನಕ್ಕ ಹೋದಾಗ ಮನಿ ಮಕ್ಕಳನ್ನ ಕನಗನಹಳ್ಳಿಗೂ ಕರಕೊಂಡು ಹೋಗ್ರಿ. ಒಂದೇ ಒಂದು ಅಕ್ಷರ ಕಲಿಸಿ ಕರಕೊಂಡು ಹೋದ್ರೂ ಸಾಕು.

#ಸನ್ನತಿ #ಕನಗನಹಳ್ಳಿ #ನಮ್ಮಕಡೆಯಕಲ್ಲು